ಸೂಕ್ಷ್ಮದರ್ಶಕದ ಪರೀಕ್ಷೆಗಾಗಿ ಅಂಗಾಂಶಗಳನ್ನು ಹದಮಾಡುವ ಕ್ರಮ

ಒಕ್ಕಲಿನವರ ಕೊಟ್ಟಿಗೆಯಲ್ಲಿ ಒಂದು ಎತ್ತಾಗಲಿ ಹಸುವಾಗಲಿ ಅಕಸ್ಮಾತ್ತಾಗಿ ಸತ್ತರೆ, ಅಥವಾ ತೋಟದಲ್ಲಿ ಅಡಕೆಯ ಕಾಯಿಗಳು ಕೊಳೆತು ಉದುರಲಾರಂಭಿಸಿದರೆ, ರೋಗವು ಯಾವುದೆಂಬುದನ್ನು ನಿಶ್ಚಯಿಸುವುದಕ್ಕೋಸ್ಕರ ರೋಗ ತಗುಲಿದ ಭಾಗವನ್ನು ಪ್ರಯೋಗಶಾಲೆಗೆ ಕಳುಹಿಸುವ ವಾಡಿಕೆಯುಂಟು. ಹಾಗೆ ಹೋದ ಮಾದರಿಗಳಲ್ಲಿ ಎಷ್ಟೋ ಮಾದರಿಗಳ ವಿಚಾರವು “ಕೊಳೆತಿದೆ, ಪರೀಕ್ಷೆಗೆ ಯೋಗ್ಯವಲ್ಲ” ಎಂಬ ಒಂದೇ ಸಾಲಿನ ಉತ್ತರದಿಂದ ಮುಕ್ತಾಯವಾಗುವುದು. ಮಾದರಿಯನ್ನು ಕಳುಹಿಸಿದವನು ಪ್ರಯೋಗಶಾಲೆಯವರನ್ನು ನಿಂದಿಸುವನು. ಅವರು ಬಾಟಲಿಯನ್ನು ಕಟ್ಟಿದವನನ್ನು ನಿಂದಿಸುವರು. ಇಷ್ಟರಲ್ಲಿ ಕೊಟ್ಟಿಗೆಯಲ್ಲಿ ಎರಡನೆಯ ರಾಸು ಮೇವು ಬಿಟ್ಟು ಮಲಗಿರುವುದು. ನಿಜವಾಗಿ ತಪ್ಪು ನಡೆದಿರುವುದು ಸಾಮಾನ್ಯವಾಗಿ ಮೊದಲಿನ ಕೆಲವು ಗಂಟೆಗಳಲ್ಲಿ, ಮಾದರಿಯು ಇನ್ನೂ ಊರಿನಲ್ಲಿಯೇ ಇರುವಾಗ. ಆಗ ಕೆಟ್ಟುದನ್ನು ಮುಂದೆ ಎಷ್ಟು ಬೆಲೆಯ ಯಂತ್ರವೂ ಸರಿಪಡಿಸಲಾರದು. ಆದುದರಿಂದ ಊರಿನ ಮುಖ್ಯಸ್ಥರೂ ಜಮೀನುದಾರರೂ ಈ ವಿಷಯದ ತತ್ತ್ವವನ್ನು ಸ್ವಲ್ಪ ವಿವರವಾಗಿಯೇ ತಿಳಿದಿರುವುದು ಲೇಸು.

ಸಕಲ ಪ್ರಾಣಿಗಳ ಮತ್ತು ಸಸ್ಯಗಳ ಶರೀರವೂ ಬರಿಗಣ್ಣಿಗೆ ಕಾಣದಷ್ಟು ಸಣ್ಣವಾದ ಜೀವಕೋಶಗಳಿಂದ ಕಟ್ಟಲ್ಪಟ್ಟಿರುವುದು. ಒಂದೇ ಬಗೆಯ ಕೆಲಸವನ್ನು ಮಾಡುವ ಕೋಶಗಳ ಸಮೂಹಕ್ಕೆ ಅಂಗಾಂಶವೆಂದು ಹೆಸರು. ರೋಗವು ಈ ಕೋಶಗಳಲ್ಲಿ ತನ್ನ ಗುರುತನ್ನು ಬಿಟ್ಟಿರುವುದು. ಪರೀಕ್ಷಕರು ಸೂಕ್ಷ್ಮದರ್ಶಕದಲ್ಲಿ ಹುಡುಕುವುದು ಆ ಗುರುತನ್ನೇ. ಆದರೆ ಜೀವ ಹೋದ ಕ್ಷಣದಿಂದಲೇ ಕೋಶವು ತನ್ನೊಳಗಿನ ಪಾಚಕ ದ್ರವ್ಯಗಳಿಂದ ತನ್ನನ್ನು ತಾನೇ ಕರಗಿಸಿಕೊಳ್ಳತೊಡಗುವುದು. ಜೀವವಿದ್ದಾಗ ಆಹಾರವನ್ನು ಅರಗಿಸುತ್ತಿದ್ದ ದ್ರವ್ಯಗಳು ಈಗ ಅಂಕೆತಪ್ಪಿ ಮನೆಯನ್ನೇ ಅರಗಿಸುವುವು. ಇದರ ಬೆನ್ನಿಗೆ ಕರುಳಿನಿಂದಲೂ ಹೊರಗಿನ ಗಾಳಿಮಣ್ಣುಗಳಿಂದಲೂ ಬಂದ ಸೂಕ್ಷ್ಮಜೀವಿಗಳು ಸೇರಿ ಕೊಳೆಯುವಿಕೆಯು ಆರಂಭವಾಗುವುದು. ನಮ್ಮ ಬೇಸಗೆಯಲ್ಲಿ ಈ ಎರಡು ಕೆಲಸಗಳೂ ಬಹು ಜಾಗ್ರತೆಯಾಗಿ ನಡೆಯುವುವು. ಕರುಳಿನ ಒಳಪದರವು ಕೆಲವೇ ಗಂಟೆಗಳಲ್ಲಿ ಗುರುತು ಸಿಕ್ಕದಂತಾಗುವುದು; ಮಿದುಳೂ ಮೂತ್ರಪಿಂಡವೂ ಅದರ ಹಿಂದೆಯೇ ಹೋಗುವುವು. ಚರ್ಮ, ಮಾಂಸಖಂಡಗಳು ಸ್ವಲ್ಪ ತಡೆಯುವುವು.

ಈ ಕೇಡನ್ನು ತಡೆದು, ಜೀವಕೋಶವನ್ನು ಅದು ಇದ್ದ ಸ್ಥಿತಿಯಲ್ಲಿಯೇ ನಿಲ್ಲಿಸುವ ದ್ರವಗಳಿಗೆ ಸ್ಥಿರೀಕರಣ ದ್ರವಗಳೆಂದು ಹೆಸರು. ಹೆಸರು ಹೊಸದಾದರೂ ಕೆಲಸವು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಹಸಿಯ ತೊಗಲನ್ನು ಹಾಗೆಯೇ ಬಿಟ್ಟರೆ ಎರಡು ದಿನಗಳಲ್ಲಿ ನಾರುವುದು. ತಂಗಡಿಯ ತೊಗಟೆಯ ಅಥವಾ ಅಣಲೆಕಾಯಿಯ ರಸದಲ್ಲಿ ನೆನೆಯಿಸಿ ಹದಮಾಡಿದರೆ ಅದೇ ತೊಗಲು ಕಪಿಲೆಯ ಬಾನಿಯಾಗಿಯೂ ಮೆಟ್ಟಾಗಿಯೂ ವರ್ಷಗಟ್ಟಲೆ ಬಾಳುವುದು. ತೊಗಟೆಯ ಒಗರು ತೊಗಲಿನ ಸಸಾರಜನಕಗಳನ್ನು ಬಿಗಿದು ಕಟ್ಟಿ, ಪಾಚಕ ದ್ರವ್ಯಗಳಿಗೂ ಸೂಕ್ಷ್ಮಜೀವಿಗಳಿಗೂ ಎಟುಕದಂತೆ ಮಾಡುವುದು. ಸ್ಥಿರೀಕರಣವೆಂಬುದು ಇದೇ ಹದಗಾರಿಕೆ. ಆದರೆ ಇಲ್ಲಿ ಹದವಾಗತಕ್ಕದ್ದು ತೊಗಲಲ್ಲ, ಕೂದಲೆಳೆಗಿಂತಲೂ ಸಣ್ಣದಾದ ಕೋಶ. ಉಪ್ಪಿನಲ್ಲಿ ಹಾಕಿದ ಮಾವಿನ ಮಿಡಿಯೂ ಕೆಡುವುದಿಲ್ಲವಲ್ಲ ಎಂದು ಕೇಳಬಹುದು. ದಿಟವೇ, ಆದರೆ ಮಿಡಿಯು ಸುಕ್ಕಿ ಮುದುಡಿ ಮೊದಲಿನ ಆಕಾರವನ್ನು ಕಳೆದುಕೊಳ್ಳುವುದು. ಊಟಕ್ಕೆ ಅದರಿಂದ ಬಾಧಕವಿಲ್ಲ. ಪರೀಕ್ಷಕರಿಗಾದರೋ ಆಕಾರವೇ ಸಾಕ್ಷ್ಯ.

ಹಿಂದಿನ ಕಾಲದಲ್ಲಿ ವಿದ್ವಾಂಸರು ಮಾದರಿಗಳನ್ನು ಮದ್ಯಸಾರದಲ್ಲಿ ಇಡುತ್ತಿದ್ದರು. ಅದು ಕೋಶದಲ್ಲಿನ ನೀರನ್ನು ಹೀರಿ ಸಸಾರಜನಕಗಳನ್ನು ಗರಣೆಗಟ್ಟಿಸುವುದು. ಕೊಳೆಯುವಿಕೆಯು ನಿಲ್ಲುವುದಾದರೂ ಅಂಗಾಂಶವು ಉಪ್ಪಿನ ಮಿಡಿಯಂತೆಯೇ ಸುಕ್ಕುವುದು. ಫಾರ್ಮಾಲ್ಡಿಹೈಡ್ ಎಂಬ ವಾಯುವನ್ನು ರಷ್ಯಾ ದೇಶದ ಬಟ್ಲೆರೋವ್ ಎಂಬವರು 1859ರಲ್ಲಿ ಮೊದಲು ಪಡೆದರು. ಅದರ ಈ ಗುಣವು ಗೊತ್ತಾದುದು ಮಾತ್ರ 1893ರಲ್ಲಿ, ಅದೂ ಬಹುಮಟ್ಟಿಗೆ ಆಕಸ್ಮಿಕವಾಗಿ. ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವೈದ್ಯರಾದ ಫರ್ಡಿನಾಂಡ್ ಬ್ಲುಮ್ ಎಂಬವರು ಈ ದ್ರವವು ಸೂಕ್ಷ್ಮಜೀವಿಗಳನ್ನು ಕೊಲ್ಲುವುದೇ ಎಂದು ಪರೀಕ್ಷಿಸುತ್ತಿದ್ದಾಗ, ತಮ್ಮ ಬೆರಳುಗಳ ಚರ್ಮವು ಮದ್ಯಸಾರದಲ್ಲಿ ಅದ್ದಿಟ್ಟಂತೆ ಗಡುಸಾದುದನ್ನು ಕಂಡರು. ಬೆರಳು ಗಡುಸಾದರೆ ಕೈತೊಳೆದುಕೊಂಡು ಸುಮ್ಮನಾಗುವವರೇ ಬಹಳ. ಅವರು ಸುಮ್ಮನಾಗದೆ ಅಂಗಾಂಶಗಳನ್ನೇ ಆ ದ್ರವದಲ್ಲಿ ಹಾಕಿ ನೋಡಿದರು. ಅಂದಿನಿಂದ ಇಂದಿನವರೆಗೂ ಪ್ರಪಂಚದ ರೋಗಪರೀಕ್ಷಾ ಶಾಲೆಗಳಲ್ಲಿ ಇದೇ ದ್ರವವು ಮೊದಲನೆಯ ಸ್ಥಾನದಲ್ಲಿರುವುದು.

ಅಂಗಡಿಯಲ್ಲಿ ದೊರೆಯುವ ಫಾರ್ಮಲಿನ್ ಎಂಬುದು ನೂರಕ್ಕೆ 37ರಿಂದ 40 ಪಾಲು ಫಾರ್ಮಾಲ್ಡಿಹೈಡ್ ಕರಗಿರುವ ನೀರು. ಇದರ ಒಂದು ಪಾಲಿಗೆ ಒಂಬತ್ತು ಪಾಲು ನೀರನ್ನು ಸೇರಿಸಿದರೆ “ನೂರಕ್ಕೆ ಹತ್ತರ ಫಾರ್ಮಲಿನ್” ಎನಿಸುವುದು. ಅದರಲ್ಲಿ ನಿಜವಾಗಿ ಇರುವ ಫಾರ್ಮಾಲ್ಡಿಹೈಡ್ ನೂರಕ್ಕೆ ಸುಮಾರು 4 ಪಾಲು ಮಾತ್ರ. ಈ ಲೆಕ್ಕವನ್ನು ತಪ್ಪು ತಿಳಿದು ಗಟ್ಟಿಯಾದ ದ್ರವವನ್ನೇ ಹಾಕಿದರೆ ಹೆಚ್ಚು ಗುಣವೆಂದು ಭಾವಿಸುವವರುಂಟು. ಗಟ್ಟಿ ಫಾರ್ಮಲಿನ್‌ನಲ್ಲಿ ಹಾಕಿದ ತುಂಡಿನ ಹೊರಮೈ ಕೂಡಲೇ ಕರಟದಂತೆ ಬಿಗಿದುಕೊಂಡು, ದ್ರವವು ಒಳಕ್ಕೆ ಇಳಿಯುವುದು ತಡವಾಗುವುದು. ಹೊರಗೆ ಕಲ್ಲು, ಒಳಗೆ ಕೊಳೆ. ಸಾಧಾರಣ ನೀರಿನಲ್ಲಿ ಬೆರಸಿದ ಫಾರ್ಮಲಿನ್ ದಿನಗಳೆದಂತೆ ಹುಳಿಯಾಗುವುದು. ಹುಳಿಯಾದ ದ್ರವವು ಗುಲ್ಮದಂತಹ ರಕ್ತ ತುಂಬಿದ ಅಂಗಗಳಲ್ಲಿ ಕಂದುಗಪ್ಪು ಕಣಗಳನ್ನು ಹುಟ್ಟಿಸಿ, ಇಲ್ಲದ ರೋಗವನ್ನು ಇದ್ದಂತೆ ತೋರಿಸಬಲ್ಲುದು. ಇದನ್ನು ತಪ್ಪಿಸುವುದಕ್ಕಾಗಿ ಪ್ರಯೋಗಶಾಲೆಗಳಲ್ಲಿ ಒಂದು ಲೀಟರ್ ದ್ರವಕ್ಕೆ ಸೋಡಿಯಂ ಫಾಸ್ಫೇಟ್ ಲವಣಗಳಲ್ಲಿ ಒಂದನ್ನು 4 ಗ್ರಾಂ, ಇನ್ನೊಂದನ್ನು ಆರೂವರೆ ಗ್ರಾಂ ಸೇರಿಸಿ ಹುಳಿಯೂ ಅಲ್ಲದ ಕ್ಷಾರವೂ ಅಲ್ಲದ ಸಮಸ್ಥಿತಿಯಲ್ಲಿಡುವರು. ಊರಿನಲ್ಲಿ ಬೆರಸುವ ಗೊಡವೆಗೆ ಹೋಗದೆ, ಪಶು ಚಿಕಿತ್ಸಾಲಯದಿಂದ ಸಿದ್ಧವಾದ ದ್ರವವನ್ನೇ ತರಿಸಿಕೊಳ್ಳುವುದು ಮೇಲು.

ದ್ರವವು ಒಳ್ಳೆಯದಾಗಿದ್ದರೂ ತುಂಡನ್ನು ಕೊಯ್ಯುವ ಕ್ರಮ ತಪ್ಪಿದರೆ ಪ್ರಯೋಜನವಿಲ್ಲ. ದ್ರವವು ಅಂಗಾಂಶದೊಳಕ್ಕೆ ನೀರು ಮಣ್ಣಿಗೆ ಇಳಿಯುವಂತೆ ಮೆಲ್ಲಮೆಲ್ಲನೆ ಇಳಿಯಬೇಕು, ಮತ್ತು ಒಳಕ್ಕೆ ಹೋದಂತೆಲ್ಲ ಅದರ ನಡಿಗೆ ನಿಧಾನವಾಗುವುದು. ಪೀಟರ್ ಮೆಡವರ್ ಎಂಬ ಆಂಗ್ಲ ವಿಜ್ಞಾನಿಗಳು 1941ರಲ್ಲಿ ಇದನ್ನು ಅಳೆದು ತೋರಿಸಿದ ಪ್ರಕಾರ, ಎರಡರಷ್ಟು ಆಳಕ್ಕೆ ಇಳಿಯಲು ನಾಲ್ಕರಷ್ಟು ಹೊತ್ತು, ಮೂರರಷ್ಟು ಆಳಕ್ಕೆ ಒಂಬತ್ತರಷ್ಟು ಹೊತ್ತು ಬೇಕು. ಒಂದು ಮುಷ್ಟಿಗಾತ್ರದ ಯಕೃತ್ತಿನ ತುಂಡನ್ನು ಬಾಟಲಿಯಲ್ಲಿ ತುರುಕಿ ಕಳುಹಿಸಿದರೆ ಅದರ ನಡುಭಾಗವು ಏಕೆ ಕೊಳೆಯುವುದೆಂಬುದಕ್ಕೆ ಈ ಲೆಕ್ಕವೇ ಉತ್ತರ. ದ್ರವವು ನಡುವಿಗೆ ಮುಟ್ಟುವ ಮೊದಲೇ ಅಲ್ಲಿ ಎಲ್ಲವೂ ಮುಗಿದಿರುವುದು. ತುಂಡಿನ ದಪ್ಪವು ಅರ್ಧ ಸೆಂಟಿಮೀಟರನ್ನು, ಎಂದರೆ ಒಂದು ದಪ್ಪ ರಾಗಿರೊಟ್ಟಿಯಷ್ಟನ್ನು, ಮೀರಕೂಡದು. ಉದ್ದಗಲಗಳು ಸ್ವಲ್ಪ ಹೆಚ್ಚಿದ್ದರೂ ಚಿಂತೆಯಿಲ್ಲ. ತುಂಡಿನ ಹತ್ತರಿಂದ ಇಪ್ಪತ್ತರಷ್ಟು ದ್ರವವಿರಬೇಕು. ಹರಿತವಾದ ಅಲಗಿನಿಂದ ಒಂದೇ ಎಳೆತಕ್ಕೆ ಕೊಯ್ಯಬೇಕು. ಹಿಸುಕಿದ, ಜಗ್ಗಿದ ತುಂಡಿನಲ್ಲಿ ಕೋಶಗಳು ಒಡೆದಿರುವುವು. ಇನ್ನು ಕೊಯ್ಯತಕ್ಕ ಸ್ಥಳ: ಪೂರ್ತಿ ಕೆಟ್ಟ ಭಾಗವನ್ನೇ ಆರಿಸುವುದು ಸಾಮಾನ್ಯವಾದ ತಪ್ಪು. ಸುಟ್ಟ ಮನೆಯ ಬೂದಿಯಲ್ಲಿ ಬೆಂಕಿ ಹೇಗೆ ಹತ್ತಿತೆಂಬುದು ತಿಳಿಯದು; ಬೆಂಕಿಯು ಹಬ್ಬುತ್ತಿರುವ ಅಂಚಿನಲ್ಲಿ ತಿಳಿಯುವುದು. ಕೆಟ್ಟ ಭಾಗವೂ ನೆಟ್ಟಗಿರುವ ಭಾಗವೂ ಕೂಡುವ ಅಂಚು ತುಂಡಿನಲ್ಲಿ ಬರಬೇಕು. ಶ್ವಾಸಕೋಶದ ತುಂಡು ದ್ರವದಲ್ಲಿ ತೇಲುವುದಾದುದರಿಂದ ಅದರ ಮೇಲೆ ಹತ್ತಿಯನ್ನು ಹೊದಿಸಿ ಮುಳುಗಿಸುವರು. ಬಾಟಲಿಯು ಅಗಲ ಬಾಯಿಯದಾಗಿರಲಿ. ಸೀಸೆಯ ಸಣ್ಣ ಕತ್ತಿನಿಂದ ಒಳಕ್ಕೆ ನೂಕಿದ ತುಂಡು ಗಡುಸಾದ ಮೇಲೆ ಹೊರಕ್ಕೆ ಬಾರದು. ಪರೀಕ್ಷಕರು ಸೀಸೆಯನ್ನೇ ಒಡೆಯಬೇಕಾಗುವುದು.

ಫಾರ್ಮಲಿನ್ ಇಲ್ಲವೆಂದು ಬ್ರಾಂದಿಯನ್ನು ಸುರಿದು ಕಳುಹಿಸುವುದೂ ಉಂಟು. ಅದರಲ್ಲಿ ಮದ್ಯಸಾರವು ನೂರಕ್ಕೆ ಸುಮಾರು 43 ಪಾಲು. ಅಂಗಾಂಶವನ್ನು ಸರಿಯಾಗಿ ಹದಮಾಡಲು ಇದು ಸಾಲದು. ತುಂಡನ್ನು ನೀರ್ಗಲ್ಲಾಗುವಷ್ಟು ತಣ್ಣಗೆ ಮಾಡುವುದೂ ತಪ್ಪು, ಯಾತಕ್ಕೆಂದರೆ ಕೋಶದೊಳಗಿನ ನೀರು ಹೆಪ್ಪುಗಟ್ಟಿ ಅದರ ಮೊನೆಗಳು ಕೋಶವನ್ನು ಸೀಳುವುವು.

ಇಷ್ಟು ಹೇಳಿದ ಮೇಲೆ, ಯಾವ ಮಾದರಿಯನ್ನಾದರೂ ಫಾರ್ಮಲಿನ್‌ನಲ್ಲಿ ಮುಳುಗಿಸಿದರೆ ಸರಿ ಎಂಬ ಭಾವನೆ ಬರಬಹುದು. ಅದು ಮೊದಲಿನದಕ್ಕಿಂತ ದೊಡ್ಡ ತಪ್ಪು. ಸ್ಥಿರೀಕರಣ ದ್ರವವು ಅಂಗಾಂಶವನ್ನು ಉಳಿಸುವುದು ಅದರಲ್ಲಿರುವ ಸಮಸ್ತ ಜೀವವನ್ನೂ ಕೊಂದು. ರೋಗವನ್ನು ಹುಟ್ಟಿಸಿದ ಸೂಕ್ಷ್ಮಜೀವಿಯನ್ನೇ ಬೆಳೆಸಿ ಗುರುತಿಸಬೇಕಾದರೆ ಅದು ಬದುಕಿರಬೇಕು. ಫಾರ್ಮಲಿನ್ ತಗುಲಿದ ಮಾದರಿಯಿಂದ ಅದು ಎಂದಿಗೂ ಬೆಳೆಯದು. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ 1957ರಲ್ಲಿ ಮಂಗಗಳು ಸಾಯತೊಡಗಿ, ಅದರೊಂದಿಗೇ ಹಳ್ಳಿಯ ಜನರಲ್ಲಿ ತೀವ್ರ ಜ್ವರವು ಕಾಣಿಸಿಕೊಂಡಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಸತ್ತ ಮಂಗದ ಅಂಗಗಳಿಂದಲೂ ರೋಗಿಗಳ ರಕ್ತದಿಂದಲೂ ತೆಗೆದ ಮಾದರಿಗಳನ್ನು ಇಲಿಮರಿಗಳಿಗೆ ಚುಚ್ಚಿ, ಅದುವರೆಗೆ ಪ್ರಪಂಚಕ್ಕೆ ಗೊತ್ತಿಲ್ಲದ ಒಂದು ವೈರಸನ್ನು ಬೇರ್ಪಡಿಸಿದರು. ಅದೇ ಇಂದು ಕ್ಯಾಸನೂರು ಕಾಡಿನ ಕಾಯಿಲೆ, ಜನರ ಮಾತಿನಲ್ಲಿ ಮಂಗನ ಕಾಯಿಲೆ. ಆ ಅಂಗಗಳೆಲ್ಲವನ್ನೂ ಫಾರ್ಮಲಿನ್‌ನಲ್ಲಿ ಹಾಕಿದ್ದರೆ ಕೋಶಗಳ ಕೇಡು ಕಾಣುತ್ತಿತ್ತು, ಕೇಡಿಗನು ಸಿಕ್ಕುತ್ತಿರಲಿಲ್ಲ. ಇಂತಹ ಮಾದರಿಗಳು ದ್ರವವಿಲ್ಲದೆ ಮಂಜುಗಡ್ಡೆಯ ತಂಪಿನಲ್ಲಿ ಹೋಗತಕ್ಕುವು. ಕಾಡಿನಂಚಿನಲ್ಲಿ ಮಂಗ ಸತ್ತು ಬಿದ್ದಿದ್ದರೆ ಯಾರೂ ಮುಟ್ಟದೆ, ಅದರ ಮೈಯ ಉಣ್ಣೆಗಳು ಹತ್ತುವಷ್ಟು ಹತ್ತಿರಕ್ಕೂ ಹೋಗದೆ, ಆರೋಗ್ಯ ಇಲಾಖೆಯವರಿಗೆ ತಿಳಿಸುವುದೊಂದೇ ಊರಿನವರ ಕೆಲಸ.

ಹುಚ್ಚುನಾಯಿಯ ರೋಗದಲ್ಲಿಯೂ ಇದೇ ಎಚ್ಚರಿಕೆ ಬೇಕು. ಇಟಲಿಯ ಅಡೆಲ್ಕಿ ನೆಗ್ರಿ ಎಂಬ ವೈದ್ಯರು 1903ರಲ್ಲಿ ಈ ರೋಗದಿಂದ ಸತ್ತ ಪ್ರಾಣಿಗಳ ಮಿದುಳಿನ ಕೋಶಗಳಲ್ಲಿ ವಿಶೇಷವಾದ ಕಣಗಳನ್ನು ಕಂಡುಹಿಡಿದ ಬಳಿಕ, ಬಹುಕಾಲ ಹದಮಾಡಿದ ಮಿದುಳಿನಲ್ಲಿ ಅವುಗಳನ್ನು ಹುಡುಕುವುದೇ ಪರೀಕ್ಷೆಯಾಗಿತ್ತು. ಆದರೆ ರೋಗವಿದ್ದೂ ಆ ಕಣಗಳು ಕಾಣಿಸದಿರುವುದುಂಟು. ಇಂದು ಪ್ರಮಾಣವಾಗಿರುವ ಪರೀಕ್ಷೆಗೆ ಹಸಿಯ ಮಿದುಳು ಬೇಕು. ಬಲ್ಲವರು ಅರ್ಧವನ್ನು ತಂಪಿನಲ್ಲಿ ಹಸಿಯಾಗಿಯೂ ಇನ್ನರ್ಧವನ್ನು ಫಾರ್ಮಲಿನ್‌ನಲ್ಲಿಯೂ ಕಳುಹಿಸುವರು. ನಾಯಿಯಿಂದ ಕಚ್ಚಿಸಿಕೊಂಡವನು ಮಾತ್ರ ಈ ಪರೀಕ್ಷೆಯ ಉತ್ತರಕ್ಕೆ ಕಾಯತಕ್ಕದ್ದಲ್ಲ. ಗಾಯವನ್ನು ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆದು ಆ ದಿನವೇ ಚುಚ್ಚುಮದ್ದಿಗೆ ಹೋಗಬೇಕು.

ನೆರಡಿ ರೋಗವೆನ್ನುವ ಆಂಥ್ರಾಕ್ಸ್‌ನ ಸಂದೇಹವಿದ್ದರಂತೂ ಅಂಗಾಂಶದ ಮಾತೇ ಇಲ್ಲ. ರೋಗದ ಸೂಚನೆಯೇ ಇಲ್ಲದೆ ರಾಸು ಥಟ್ಟನೆ ಸತ್ತು, ಮೂಗು, ಬಾಯಿ, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸುರಿದಿದ್ದರೆ ಆ ಹೆಣವನ್ನು ಕೊಯ್ಯಲೇಕೂಡದು, ಚರ್ಮವನ್ನೂ ಸುಲಿಯಕೂಡದು. ಒಳಗಿನ ಸೂಕ್ಷ್ಮಜೀವಿಗಳಿಗೆ ಹೊರಗಿನ ಗಾಳಿ ತಾಕಿದೊಡನೆ ಅವು ಬೀಜಕಣಗಳಾಗಿ ಮಾರ್ಪಟ್ಟು ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯುವುವು; ಸುಲಿದವನಿಗೂ ರೋಗ ತಗುಲುವುದು. ಪಶುವೈದ್ಯರು ಕಿವಿಯ ತುದಿಯಿಂದ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿಕೊಂಡು ಹೋಗುವರು. ರೋಗನಿರ್ಣಯಕ್ಕೆ ಅಷ್ಟು ಸಾಕು. ಹೆಣವನ್ನು ತುಂಡುಮಾಡಿ ಊರಿನಲ್ಲಿ ಹಂಚಿಕೊಳ್ಳುವ ಪದ್ಧತಿ ಇರುವ ಕಡೆ ಮುಖ್ಯಸ್ಥರು ದಾಕ್ಷಿಣ್ಯವನ್ನು ಬಿಟ್ಟು ತಡೆಯತಕ್ಕದ್ದು. ಉಳಿದ ರೋಗಗಳಲ್ಲಿಯೂ ಹೆಣವನ್ನು ತೆರೆಯತಕ್ಕವರು ಪಶುವೈದ್ಯರೇ. ಊರಿನವರು ಕೂಡಲೇ ವರ್ತಮಾನವನ್ನು ಕಳುಹಿಸಿ, ಅವರು ಬರುವವರೆಗೆ ಹೆಣವನ್ನು ನೆರಳಿನಲ್ಲಿರಿಸಿ ನಾಯಿಕಾಗೆಗಳಿಂದ ಕಾಯಬೇಕು. ಸಂಜೆ ಸತ್ತ ರಾಸಿಗೆ ಮರುದಿನ ಮಧ್ಯಾಹ್ನ ಹೇಳಿಕಳುಹಿಸಿದರೆ ಅವರ ಕೈಯಲ್ಲಿಯೂ ಏನೂ ಉಳಿದಿರದು.

ರಕ್ತದ ಲೇಪಕ್ಕೆ ಬೇರೆ ವಿಧಾನವಿರುವುದು. ತೆಳುವಾಗಿ ಸವರಿದ ರಕ್ತವನ್ನು ಗಾಳಿಯಲ್ಲಿ ಆರಿಸಿ, ಮಿಥೈಲ್ ಮದ್ಯಸಾರದಲ್ಲಿ ಕೆಲವು ನಿಮಿಷ ಅದ್ದಿದರೆ ರಕ್ತಕಣಗಳು ಗಾಜಿಗೆ ಅಂಟಿ ನಿಲ್ಲುವುವು. ಉಣ್ಣೆಗಳಿಂದ ಹರಡುವ ಜ್ವರಗಳ ಜೀವಿಗಳನ್ನು ಇದರಲ್ಲಿಯೇ ಕಾಣುವರು. ಮಿಥೈಲ್ ಮದ್ಯಸಾರವು ಕಣ್ಣನ್ನೂ ಪ್ರಾಣವನ್ನೂ ತೆಗೆಯುವ ವಿಷವೆಂಬುದನ್ನು ಮರೆಯಬಾರದು. ರಕ್ತ ಸವರಿದ ಗಾಜುಗಳನ್ನು ಫಾರ್ಮಲಿನ್ ಬಾಟಲಿಯೊಡನೆ ಒಂದೇ ಪೆಟ್ಟಿಗೆಯಲ್ಲಿ ಇಡಲಾಗದು. ಅದರ ಹಬೆಯು ತಗುಲಿದ ಲೇಪಕ್ಕೆ ಬಣ್ಣವು ಸರಿಯಾಗಿ ಹಿಡಿಯುವುದಿಲ್ಲ. ಈ ಸಣ್ಣ ಅಲಕ್ಷ್ಯದಿಂದ ಹಾಳಾದ ಲೇಪಗಳಿಗೆ ಲೆಕ್ಕವಿಲ್ಲ.

ಇನ್ನು ಬೆಳೆಗಳ ವಿಷಯ; ಇಲ್ಲಿ ಜಮೀನುದಾರರು ತಾವೇ ಮಾದರಿಯನ್ನು ತೆಗೆಯಬಹುದು. ಸಸ್ಯದ ಕೋಶಕ್ಕೆ ಗಟ್ಟಿಯಾದ ಗೋಡೆಯೂ ಕೋಶಗಳ ನಡುವೆ ಗಾಳಿಯ ಸಂದುಗಳೂ ಇರುವುದರಿಂದ ಬರಿಯ ಫಾರ್ಮಲಿನ್ ಸುಲಭವಾಗಿ ಒಳಹೋಗದು. ಆದುದರಿಂದ ಅರೆಪಾಲು ನೀರಿನ ಮದ್ಯಸಾರ 90 ಪಾಲಿಗೆ ಫಾರ್ಮಲಿನ್ 5 ಪಾಲು, ಅಸೆಟಿಕ್ ಆಮ್ಲ 5 ಪಾಲು ಬೆರಸಿದ ದ್ರವವನ್ನು ಉಪಯೋಗಿಸುವರು. ಮದ್ಯಸಾರವು ಕೋಶವನ್ನು ಸುಕ್ಕಿಸುವುದು, ಅಸೆಟಿಕ್ ಆಮ್ಲವು ಉಬ್ಬಿಸುವುದು. ಎರಡು ದೋಷಗಳೂ ಒಂದನ್ನೊಂದು ತಿದ್ದುವುವು. ಎಲೆ, ಬೇರು, ಕಾಂಡಗಳ ತುಂಡುಗಳು ಇದರಲ್ಲಿ ವರ್ಷಗಟ್ಟಲೆ ಕೆಡದೆ ಇರಬಲ್ಲುವು. ಆದರೆ ಅಡಕೆಯ ಕೊಳೆರೋಗವನ್ನು ನೋಡಿರಿ. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ನರು ಇದರ ಶಿಲೀಂಧ್ರವನ್ನು ವಿವರವಾಗಿ ಪರಿಶೋಧಿಸಿ 1910ರಲ್ಲಿ ಪ್ರಕಟಿಸಿದರು. ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದ ಮಲೆನಾಡಿನಲ್ಲಿ ಬೋರ್ಡೋ ದ್ರಾವಣದ ಸಿಂಪಡಿಕೆಯು ಅವರಿಂದಲೇ ರೂಢಿಗೆ ಬಂದಿತು. ಹದಮಾಡಿದ ಕಾಯಿಯಲ್ಲಿ ಶಿಲೀಂಧ್ರದ ಎಳೆಗಳು ಕೋಶಗಳ ನಡುವೆ ಹಬ್ಬಿರುವುದು ಕಾಣುವುದು, ಆದರೆ ಅದು ಯಾವ ಜಾತಿಯದೆಂದು ಹೇಳಲು ಹಸಿಯ ಕಾಯಿಯಿಂದ ಅದನ್ನು ಬೆಳೆಸಬೇಕು. ಆದುದರಿಂದ ಆಗತಾನೆ ರೋಗ ತಗುಲಿದ ಕೆಲವು ಕಾಯಿಗಳನ್ನು ಕಾಗದದಲ್ಲಿ ಸುತ್ತಿ ಹಸಿಯಾಗಿಯೂ, ಕೆಲವು ತುಂಡುಗಳನ್ನು ದ್ರವದಲ್ಲಿಯೂ ಕಳುಹಿಸುವುದು ಕ್ರಮ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿದ ಹಸಿ ಮಾದರಿಯು ಬೆವರಿ ದಾರಿಯಲ್ಲಿಯೇ ಬೂಷ್ಟು ಹಿಡಿಯುವುದು.

ದ್ರವ ಮತ್ತು ಯಂತ್ರ ಎರಡೂ ಒದಗಿದಾಗ ಮಾತ್ರ ಬಯಲಾದ ರೋಗಗಳೂ ಉಂಟು. ಶ್ರೀಗಂಧದ ಮರದ ಎಲೆಗಳು ಕಿರಿದಾಗಿ ರೆಂಬೆಗಳು ಕದಿರಿನಂತೆ ಸೆಟೆದುಕೊಳ್ಳುವ ಸ್ಪೈಕ್ ರೋಗವು 1899ರಲ್ಲಿ ಕೊಡಗಿನಲ್ಲಿ ಮೊದಲು ವರದಿಯಾಯಿತು. ಇದು ಕಸಿಯ ಮೂಲಕ ಮರದಿಂದ ಮರಕ್ಕೆ ಹೋಗುವುದೆಂದು ಕೋಲ್ಮನ್ನರು 1917ರಲ್ಲಿ ತೋರಿಸಿದರೂ ಕಾರಣವಾದ ಜೀವಿಯು ಕಾಣಲಿಲ್ಲ. ಸಾಧಾರಣ ಸೂಕ್ಷ್ಮದರ್ಶಕಕ್ಕೆ ಅದು ಎಟುಕುವಂತಹುದಲ್ಲ; ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಒಪ್ಪುವಷ್ಟು ನಯವಾಗಿ ಕೋಶವನ್ನು ಹದಮಾಡಲು ಫಾರ್ಮಲಿನ್ ಒಂದೇ ಸಾಲದು. ಗ್ಲುಟರಾಲ್ಡಿಹೈಡ್ ಎಂಬ ದ್ರವದಲ್ಲಿ ಮೊದಲು ಹದಮಾಡಿ ಅನಂತರ ಆಸ್ಮಿಯಂ ದ್ರಾವಣದಲ್ಲಿ ಅದ್ದುವ ಕ್ರಮವು 1963ರಲ್ಲಿ ಬಳಕೆಗೆ ಬಂದಿತು. 1969ರಲ್ಲಿ ರೋಗ ಹಿಡಿದ ಗಂಧದ ಮರದ ಆಹಾರನಾಳಗಳೊಳಗೆ ಕೋಶಭಿತ್ತಿಯಿಲ್ಲದ ಅತಿಸೂಕ್ಷ್ಮ ಜೀವಿಗಳು ಕಂಡುಬಂದುವು. ಎಪ್ಪತ್ತು ವರ್ಷಗಳ ಹುಡುಕಾಟಕ್ಕೆ ಹೀಗೆ ಉತ್ತರ ದೊರೆಯಿತು. ಮರಗಳಿಗೆ ಮದ್ದು ಇನ್ನೂ ಸುಲಭವಾಗಿಲ್ಲವೆಂಬುದು ಬೇರೆ ಮಾತು.

ತಳಿಗಳನ್ನು ಬೆರಸುವವರು ಬಳಸುವ ಇನ್ನೊಂದು ದ್ರವವುಂಟು: ಮೂರು ಪಾಲು ಮದ್ಯಸಾರ, ಒಂದು ಪಾಲು ಅಸೆಟಿಕ್ ಆಮ್ಲ. ಇದಕ್ಕೆ ಫಾರ್ಮರ್ ದ್ರವವೆಂದು ಹೆಸರಿರುವುದನ್ನು ಕೇಳಿ ರೈತರಿಗಾಗಿ ಮಾಡಿದ್ದೆಂದು ತಿಳಿಯಬಾರದು. ಫಾರ್ಮರ್ ಎಂಬುದು ಒಬ್ಬ ಆಂಗ್ಲ ಸಸ್ಯಶಾಸ್ತ್ರಜ್ಞರ ಹೆಸರು. ಕಬ್ಬಿನ ಮೊಗ್ಗನ್ನಾಗಲಿ ಬೇರಿನ ತುದಿಯನ್ನಾಗಲಿ ಇದರಲ್ಲಿ ಹದಮಾಡಿ ಬಣ್ಣವಿಟ್ಟರೆ ಕೋಶದ ವರ್ಣತಂತುಗಳನ್ನು ಎಣಿಸಬಹುದು; ರಸದಾಳಿಯಂತಹ ದಪ್ಪ ಕಬ್ಬಿನಲ್ಲಿ ಅವು 80. ವಂಶದ ದ್ರವ್ಯವನ್ನೇ ಪರೀಕ್ಷಿಸುವ ಈಗಿನ ಕ್ರಮಗಳಿಗೂ ಫಾರ್ಮಲಿನ್‌ಗಿಂತ ಮದ್ಯಸಾರವೇ ಒಪ್ಪುವುದು, ಏಕೆಂದರೆ ಫಾರ್ಮಲಿನ್ ಆ ದ್ರವ್ಯವನ್ನು ಕಟ್ಟಿ ತುಂಡರಿಸುವುದು.

ಫಾರ್ಮಲಿನ್‌ನ ಹಬೆಯು ಕಣ್ಣುಮೂಗುಗಳನ್ನು ಉರಿಸುವುದು. ಅದನ್ನು ಬಹುಕಾಲ ಸೇವಿಸುವವರಿಗೆ ಅರ್ಬುದರೋಗವುಂಟಾಗುವುದೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಪರಿಶೀಲನ ಮಂಡಲಿಯು 2004ರಲ್ಲಿ ನಿರ್ಣಯಿಸಿತು. ಬಯಲಿನಲ್ಲಿ, ಗಾಳಿ ಬೀಸುವ ಕಡೆಗೆ ಬೆನ್ನುಮಾಡಿ, ರಬ್ಬರಿನ ಕೈಚೀಲವನ್ನು ತೊಟ್ಟು ಬಳಸತಕ್ಕದ್ದು. ಕುಡಿಯುವ ನೀರಿನ ಅಥವಾ ಪಾನಕದ ಬಾಟಲಿಯಲ್ಲಿ ಇದನ್ನು ಎಂದಿಗೂ ತುಂಬಿಡಬಾರದು. ನೋಟಕ್ಕೆ ಇದು ನೀರಿನಂತೆಯೇ ಇರುವುದು. ಮಿಕ್ಕಿದ್ದನ್ನು ಬಾವಿ, ಕೆರೆ, ಬಚ್ಚಲುಗಳಿಗೆ ಸುರಿಯದೆ ತಂದವರಿಗೇ ಹಿಂದಿರುಗಿಸಬೇಕು.

ಬಾಟಲಿಯ ಒಳಗೇ ಒಂದು ಚೀಟಿಯನ್ನು ಹಾಕುವುದುಂಟು. ಅದನ್ನು ಸೀಸದ ಕಡ್ಡಿಯಿಂದ ಬರೆಯಬೇಕು. ಶಾಯಿಯು ದ್ರವದಲ್ಲಿ ಕರಗಿ ಅಕ್ಷರಗಳು ಅಳಿಯುವುವು. ಯಾವ ರಾಸಿನ ಅಥವಾ ಯಾವ ಗಿಡದ ಯಾವ ಭಾಗ, ಸತ್ತುದು ಎಷ್ಟು ಹೊತ್ತಿಗೆ, ದ್ರವದಲ್ಲಿ ಹಾಕಿದುದು ಎಷ್ಟು ಹೊತ್ತಿಗೆ ಎಂಬಿಷ್ಟು ಅದರಲ್ಲಿರಲಿ. ಊರಿನ ಹೆಸರು, ಒಟ್ಟು ಎಷ್ಟು ರಾಸುಗಳಿಗೆ ರೋಗ ತಗುಲಿತು, ಎಷ್ಟು ಸತ್ತುವು, ಹಿಂದಿನ ವಾರದಲ್ಲಿ ಮೇವನ್ನಾಗಲಿ ನೀರನ್ನಾಗಲಿ ಬದಲಾಯಿಸಲಾಯಿತೇ, ಯಾವ ಔಷಧವನ್ನು ಸಿಂಪಡಿಸಲಾಯಿತು, ಇವುಗಳನ್ನು ಬೇರೆಯ ಪತ್ರದಲ್ಲಿ ಬರೆದು ಬಾಟಲಿಯ ಹೊರಗೆ, ನೆನೆಯದಂತೆ, ಕಟ್ಟತಕ್ಕದ್ದು. ಒಂದು ದಿನ ದ್ರವದಲ್ಲಿದ್ದು ಹದವಾದ ತುಂಡುಗಳನ್ನು ಕಳುಹಿಸುವಾಗ ಮೊದಲಿನಷ್ಟು ದ್ರವ ಬೇಕಾಗದು. ತುಂಡುಗಳು ಮುಳುಗುವಷ್ಟಿದ್ದು, ಬಿರಟೆಯ ಸುತ್ತ ಮೇಣವನ್ನು ಬಳಿದಿದ್ದರೆ ದಾರಿಯಲ್ಲಿ ಸೋರದೆ ತಲಪುವುದು.